ಎರಡು ಬೀಗದ ಬಾಗಿಲು

ಶಿಡ್ಲಘಟ್ಟದ ಪೇಟೆ ಬೀದಿಯಲ್ಲಿ ಕೋನಪ್ಪನ ಕೈ ತಾಗದ ಅಂಗಡಿ ಬಾಗಿಲು ಕಡಿಮೆ. ಆಗ ಅಂಗಡಿಗಳಿಗೆಲ್ಲ ಹಲಗೆ ಬಾಗಿಲು. ಸಂಜೆಯಾದರೆ ಹಲಗೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ, ಮೇಲೆ ಕಬ್ಬಿಣದ ಅಡ್ಡಪಟ್ಟಿ ಹಾಕಿ, ಪಟ್ಟಿಯ ಕೊಂಡಿಗೆ ಬೀಗ ಜಡಿದು ಯಜಮಾನರು ಮನೆಗೆ ಹೋಗುವರು. ಪಟ್ಟಿ, ಕೊಂಡಿ, ಬೀಗ ಮೂರೂ ಕೋನಪ್ಪನ ಕುಲುಮೆಯಲ್ಲಿ ಆದವು. ಜವಳಿಯವರು, ಬೆಲ್ಲದ ಮಂಡಿಯವರು, ರೇಷ್ಮೆ ಗೂಡಿನ ಗೋದಾಮಿನವರು ಎಲ್ಲರೂ ಅವನ ಗಿರಾಕಿಗಳೇ. ಬೀಗದಕೈ ಬಾವಿಗೆ ಬಿದ್ದರೆ, ಮಳೆಗಾಲದಲ್ಲಿ ಬೀಗ ತುಕ್ಕು ಹಿಡಿದು ಕಚ್ಚಿಕೊಂಡರೆ, ‘ಬೀಗದ ಕೋನಪ್ಪನ್ನ ಕರೀರಪ್ಪ’ ಅನ್ನುವರು. ಅವನು ಬಂದು, ಬೀಗದ ಒಡೆಯ ಎದುರಿಗೆ ನಿಂತಿದ್ದಾನೆಯೇ ಎಂದು ನೋಡಿಕೊಂಡು ಆಮೇಲೆ ಕೈಹಾಕುವನು. ಹೊಲವಿಲ್ಲ, ತೋಟವಿಲ್ಲ, ಅವನಿಗಿದ್ದದ್ದು ಆ ಕೈ ಮತ್ತು ಆ ಹೆಸರು.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ, ಬೇಸಿಗೆ ಕಾಲಿಡುತ್ತಿದ್ದ ಹೊತ್ತಿನಲ್ಲಿ, ಮುನಿವೆಂಕಟಪ್ಪನವರು ಅವನಿಗೆ ಹೇಳಿಕಳಿಸಿದರು. ಪೇಟೆಯ ಜಗಳಗಳಿಗೆಲ್ಲ ತೀರ್ಮಾನ ಹೇಳುತ್ತಿದ್ದ ಹಿರಿಯರು ಅವರು. ಕೋನಪ್ಪ ಹೋದಾಗ ಅವರ ಜಗಲಿಯ ಮೇಲೆ ಇಬ್ಬರು ಒಬ್ಬರಿಗೊಬ್ಬರು ಮುಖ ಕೊಡದೆ ಕೂತಿದ್ದರು. ಒಬ್ಬ ವೆಂಕಟರಾಯಪ್ಪ, ಇನ್ನೊಬ್ಬ ಅವನ ಹೆಂಡತಿಯ ತಮ್ಮ ರಾಮಾಂಜಿನಪ್ಪ. ಇಬ್ಬರೂ ಸೇರಿ ಗೂಡು ಕೊಂಡು, ಹತ್ತಾರು ಹೆಂಗಸರನ್ನು ಚರಕದ ಮುಂದೆ ಕೂರಿಸಿ ರೇಷ್ಮೆ ನೂಲು ತೆಗೆಸುತ್ತಿದ್ದವರು.

“ಬಾಪ್ಪ ಕೋನಪ್ಪ, ಕೂತ್ಕೋ,” ಅಂದರು ಮುನಿವೆಂಕಟಪ್ಪ. “ಗೋದಾಮಿಂದ ಗೂಡು ಕಮ್ಮಿ ಆಗ್ತಾ ಇದೆ ಅಂತಾನೆ ರಾಮಾಂಜಿ. ನಾನೇನು ಕಳ್ಳನಾ ಅಂತಾನೆ ಇವ್ನು. ಒಳಗಡೆಯಿಂದ ಇವನ ಹೆಂಡತಿ ಅಶ್ವತ್ಥಮ್ಮ ಬೇರೆ, ಗೂಡು ಒಣಗಿದ್ರೆ ತೂಕ ಇಳಿಯಲ್ವಾ ಅಂತಾಳೆ. ಯಾರು ಹೇಳಿದ್ದು ಯಾರಿಗೂ ಬೇಕಾಗಿಲ್ಲ. ಅದಕ್ಕೆ ಒಂದು ದಾರಿ ಮಾಡಿದೀನಿ. ಆ ಬಾಗಿಲಿಗೆ ಎರಡು ಬೀಗ ಆಗ್ಲಿ. ಒಂದರ ಕೈ ಇವನ ಹತ್ರ, ಒಂದರ ಕೈ ಅವನ ಹತ್ರ. ಇಬ್ರೂ ಬಂದ್ರೇನೇ ಬಾಗಿಲು. ಒಬ್ಬನೇ ಬಾಗಿಲು ತೆಗೆದ್ರೆ ಅವನಿಗೆ ವ್ಯಾಪಾರದಲ್ಲಿ ಪಾಲಿಲ್ಲ.”

“ಆಗ್ಲಿ ಸ್ವಾಮಿ.”

“ಮೂರನೇ ಕೈ ಮಾಡಬಾರ್ದು ನೀನು. ಒಬ್ಬ ಕೇಳಿದ ಅಂತ ಇನ್ನೊಬ್ಬನ ಬೀಗ ಮುಟ್ಟಬಾರ್ದು. ಇವರಿಗೆ ಒಬ್ರ ಮೇಲೊಬ್ರಿಗೆ ನಂಬಿಕೆ ಇಲ್ಲ ಕಣಪ್ಪ. ಇಬ್ರಿಗೂ ನಂಬಿಕೆ ಇರೋದು ನಿನ್ನ ಮೇಲೊಂದೇ.”

ಆ ಮಾತಿಗೆ ಕೋನಪ್ಪನ ಎದೆ ಉಬ್ಬಿತು. ಕುಲುಮೆಗೆ ಬಂದು, ಕಬ್ಬಿಣ ಬಡಿಯುವ ಅಡಿಗಲ್ಲು ಮುಟ್ಟಿ ಇಬ್ಬರ ಮುಂದೆಯೂ ಮಾತು ಕೊಟ್ಟ. ದಪ್ಪ ಪಟ್ಟಿಯೊಂದನ್ನು ಬಡಿದು, ಎಡತುದಿಗೆ ಒಂದು ಬೀಗ, ಬಲತುದಿಗೆ ಒಂದು ಬೀಗ ಕೂರಿಸಿದ. ಒಂದನ್ನು ತೆಗೆದು ಇನ್ನೊಂದನ್ನು ಬಿಟ್ಟರೆ ಪಟ್ಟಿ ಒಂದು ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಬೀಗದ ಒಳಗಿನ ಕೆಲಸವನ್ನೂ ಅಷ್ಟೇ ನಿಗಾ ಇಟ್ಟು ಮಾಡಿದ. ಬೇರೆ ಯಾರು ಕಡ್ಡಿ ತೂರಿಸಿ ತಿರುವಿದರೂ ಅದು ಬಗ್ಗಬಾರದು. ಕೆಲಸ ಮುಗಿದ ದಿನ ಅವನ ಹೆಂಡತಿ ಅಕ್ಕಯಮ್ಮ, “ಭಾವ ಭಾಮೈದನ ಮಧ್ಯೆ ನಿನ್ನ ಕೈ ಯಾಕೆ ಇಟ್ಟೆ?” ಅಂದಳು. ಅವನು ನಕ್ಕು ಊಟಕ್ಕೆ ಕೂತ.

ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಬೆಳಿಗ್ಗೆ ಇಬ್ಬರೂ ಬರುವರು, ಮಾತಿಲ್ಲದೆ ತಂತಮ್ಮ ಬೀಗ ತೆಗೆಯುವರು, ಸಂಜೆ ಮಾತಿಲ್ಲದೆ ಹಾಕುವರು. ಪೇಟೆಯವರು ಆ ಬಾಗಿಲನ್ನು ತೋರಿಸಿ ಕೋನಪ್ಪನ ಕೈಯನ್ನು ಹೊಗಳಿದರು. ತಮಗೂ ಅಂಥದ್ದೇ ಬೇಕು ಎಂದು ಒಬ್ಬಿಬ್ಬರು ಕೇಳಿದ್ದೂ ಉಂಟು.

ಒಂದು ಸಂಜೆ ಸಾದಲಿ ಕಡೆಯಿಂದ ಗಾಡಿಗಳಲ್ಲಿ ಗೂಡು ಬಂತು. ಅಂಥ ಗೂಡು ಆ ವರ್ಷ ಬಂದಿರಲಿಲ್ಲ. ಗಟ್ಟಿ, ಹಳದಿ, ಕೈಗೆ ತೂಕವಾಗಿ ಕೂರುವಂಥದ್ದು. ಕತ್ತಲಾಗುತ್ತ ಬಂದಿದ್ದರಿಂದ ಹಾಗೇ ಬುಟ್ಟಿಗಳಲ್ಲಿ ಗೋದಾಮಿಗೆ ಹಾಕಿದರು. ಬೆಳಿಗ್ಗೆ ಹಂಡೆ ಕಾಯಿಸಿ ಹಬೆ ಕೊಡುವುದು ಎಂದಾಯಿತು. ಹಬೆ ಕೊಟ್ಟರೆ ಒಳಗಿನ ಹುಳು ಸಾಯುತ್ತದೆ, ಗೂಡು ಎಷ್ಟು ದಿನವಾದರೂ ಇರುತ್ತದೆ. ಕೊಡದೆ ಬಿಟ್ಟರೆ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಏಳುವುದಿಲ್ಲ.

ಬೆಳಿಗ್ಗೆ ರಾಮಾಂಜಿನಪ್ಪ ಬರುವುದು ತಡವಾಯಿತು. ಹೆಂಗಸರು ಹಂಡೆಯ ಕೆಳಗೆ ಬೆಂಕಿ ಮಾಡಿ ಕಾದು ಕೂತಿದ್ದರು. ವೆಂಕಟರಾಯಪ್ಪ ಬೀದಿಯಲ್ಲಿ ಶತಪಥ ಹಾಕುತ್ತಿದ್ದವನು, ಭಾಮೈದ ಮೂಲೆ ತಿರುಗುತ್ತಲೇ, “ಬಂದ್ರಪ್ಪ ಸಾಹುಕಾರ್ರು! ನಿನ್ನೆ ಬುಟ್ಟಿ ಹೊರುವಾಗ ಪಂಚೇಲಿ ಏನೇನು ಕಟ್ಕೊಂಡು ಹೋದ್ರೋ, ಅದನ್ನ ಇಳಿಸಿ ಬರೋ ಹೊತ್ಗೆ ತಡ ಆಗಿರ್ಬೇಕು,” ಅಂದುಬಿಟ್ಟ. ಕೂಲಿ ಹೆಂಗಸರು ನಕ್ಕರು. ರಾಮಾಂಜಿನಪ್ಪ ನಿಂತಲ್ಲೇ ನಿಂತ. ಆಮೇಲೆ ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಬಂದ ದಾರಿಯಲ್ಲೇ ತಿರುಗಿದ. ಮಧ್ಯಾಹ್ನದ ಹೊತ್ತಿಗೆ, ಅವನು ಹೆಂಡತಿಯನ್ನು ಕರೆದುಕೊಂಡು ಮಾವನ ಊರಾದ ನಗರಗೆರೆಗೆ ಬಸ್ಸು ಹತ್ತಿದ್ದಾನೆ ಎಂದು ಸುದ್ದಿ ಬಂತು.

ವೆಂಕಟರಾಯಪ್ಪ ನೇರವಾಗಿ ಕುಲುಮೆಗೆ ಬಂದ. “ಕೋನಪ್ಪ, ಬಾ. ಅವನ ಬೀಗ ತೆಗಿ.”

“ಆಗಲ್ಲ ರಾಯಪ್ಪನೋರೇ. ಮಾತು ಕೊಟ್ಟಿದೀನಿ.”

“ಒಳಗೆ ಹಸಿಗೂಡಿದೆ ಕಣಯ್ಯ!”

“ಗೊತ್ತು ಸ್ವಾಮಿ. ನಾನೇ ಹೋಗಿ ಅವರನ್ನ ಕರ್ಕೊಂಡು ಬರ್ತೀನಿ.”

ಮರುದಿನ ಮುಂಜಾನೆ ಕೋನಪ್ಪ ಹೊರಟ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿದ. ಮಂಚೇನಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತು, ಎಲ್ಲರೂ ಇಳಿದು ಹುಣಸೆಮರದ ನೆರಳಲ್ಲಿ ಕೂತರು. ಅವನಿಗೆ ಕೂರಲಾಗಲಿಲ್ಲ. ಡ್ರೈವರ್ ಬಾನೆಟ್ ತೆಗೆದು ಒಳಗೆ ಕೈಹಾಕುತ್ತಿದ್ದುದನ್ನು ಪಕ್ಕದಲ್ಲೇ ನಿಂತು ನೋಡಿದ. ಗೌರಿಬಿದನೂರು ಮುಟ್ಟಿ, ಅಲ್ಲಿಂದ ಸಿಕ್ಕಿದ ಗಾಡಿಯಲ್ಲಿ ನಗರಗೆರೆಗೆ ಹೋಗುವ ಹೊತ್ತಿಗೆ ಹೊತ್ತು ಇಳಿದಿತ್ತು.

ರಾಮಾಂಜಿನಪ್ಪ ಅವನನ್ನು ಚೆನ್ನಾಗಿಯೇ ಮಾತಾಡಿಸಿದ. ಕಾಲಿಗೆ ನೀರು ಕೊಡಿಸಿದ, ಪಕ್ಕದಲ್ಲಿ ಕೂರಿಸಿಕೊಂಡು ಮುದ್ದೆ, ಅವರೆಕಾಳಿನ ಸಾರು ಬಡಿಸಿದ. ಕೋನಪ್ಪ ಕೈ ತೊಳೆದವನೇ ವಿಷಯ ಎತ್ತಿದ.

“ಗೂಡಿಗೆ ಏನಾಗ್ತದೆ ಅಂತ ನಿಮಗೆ ನಾನು ಹೇಳ್ಬೇಕಾ? ಬನ್ನಿ. ಬೇಡ ಅಂದ್ರೆ ಬೀಗದಕೈನಾದ್ರೂ ಕೊಡಿ. ತೆಗೆದು, ಹಬೆ ಕೊಡಿಸಿ, ವಾಪಸ್ ತಂದು ಇಲ್ಲೇ ಕೊಡ್ತೀನಿ.”

“ಕೈ ಕೊಟ್ರೆ ಎರಡು ಬೀಗ ಯಾಕೆ ಹಾಕಿಸಿದ್ದು ಕೋನಪ್ಪ?” ಅಂದ ರಾಮಾಂಜಿನಪ್ಪ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. “ಭಾವ ಬರ್ಲಿ. ಇಲ್ಲಿಗೆ ಬಂದು, ತಪ್ಪು ಮಾತಾಡ್ದೆ ಅನ್ಲಿ. ಆಗಿಂದಾಗ್ಲೇ ಹೊರಡ್ತೀನಿ.”

“ನಿಮ್ಮದೂ ಅರ್ಧ ಇದೆಯಲ್ಲ ಒಳಗೆ?”

“ಹೋದ್ರೆ ಹೋಗ್ಲಿ. ಹೆಂಗಸರ ಮುಂದೆ ಆ ಮಾತು ಕೇಳಿಸ್ಕೊಂಡ ಮೇಲೆ ಗೂಡೇನು ದೊಡ್ಡದು?”

ಮತ್ತೆ ಅದೇ ಬಸ್ಸುಗಳು, ಅದೇ ಧೂಳು. ಶಿಡ್ಲಘಟ್ಟದಲ್ಲಿ ಇಳಿದು ವೆಂಕಟರಾಯಪ್ಪನಿಗೆ ಇದನ್ನು ಹೇಳಿದರೆ ಅವನು ಉರಿದುಬಿದ್ದ. “ನಾನು ಹೋಗಿ ಅವನ ಕಾಲು ಹಿಡೀಬೇಕಾ? ಅಕ್ಕನ್ನ ಕೊಟ್ಟ ಮನೆಗೆ ಅವನು ಬರ್ಬೇಕೋ, ನಾನು ಅವನ ಮಾವನ ಮನೆ ಬಾಗಿಲು ಕಾಯ್ಬೇಕೋ?”

ಕೋನಪ್ಪ ಮುನಿವೆಂಕಟಪ್ಪನವರ ಬಳಿ ಓಡಿದ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿದರು. “ತೀರ್ಮಾನ ಕೊಟ್ಟೋನು ನಾನು. ಅದನ್ನ ಮುರಿ ಅಂತ ನಾನೇ ಹೇಳಿದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರಪ್ಪ? ಎರಡು ದಿನ ತಡಿ. ಅವನ ಕೋಪ ಇಳೀತದೆ, ಬರ್ತಾನೆ.”

“ಹುಳಕ್ಕೆ ತಡಿ ಅಂದ್ರೆ ತಡೀತದಾ ಸ್ವಾಮಿ?”

ಅವರು ಅವನ ಮುಂದೆ ಎಲೆತಟ್ಟೆ ಸರಿಸಿದರು.

ಆಮೇಲಿನ ದಿನಗಳಲ್ಲಿ ಕೋನಪ್ಪನಿಗೆ ಕುಲುಮೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು, ಏನು ಮಾಡಲು ಹೊರಟಿದ್ದೆ ಎಂದು ಮರೆತು ನಿಲ್ಲುವನು, ಅದು ತಣ್ಣಗಾಗುವುದು. ಎದ್ದು ಗೋದಾಮಿನ ಕಡೆ ಹೋಗುವನು. ಚರಕಗಳ ಮುಂದೆ ಹೆಂಗಸರು ಕೆಲಸವಿಲ್ಲದೆ ತಲೆ ಬಾಚಿಕೊಳ್ಳುತ್ತ ಕೂತಿರುವರು, ಒಲೆಗಳು ತಣ್ಣಗಿರುವವು. ಅವನು ಬಂದರೆ ಎಲ್ಲರೂ ಅವನ ಕೈ ನೋಡುವರು. ಆ ಎರಡು ಬೀಗಗಳ ಒಳಗಿನ ಒಂದೊಂದು ತುಣುಕೂ ಅವನಿಗೆ ಗೊತ್ತು. ಕಡ್ಡಿಯೊಂದನ್ನು ಬಗ್ಗಿಸಿಕೊಂಡರೆ ಸಾಕು. ಕೈ ಕಟ್ಟಿಕೊಂಡು ನಿಂತು, ಹೊತ್ತಾದ ಮೇಲೆ ಮನೆಗೆ ಹೋಗುವನು.

“ಮುಟ್ಟಬೇಡ,” ಅಂದಳು ಅಕ್ಕಯಮ್ಮ. “ಹಾಳಾದ್ರೆ ಅವರ ಗೂಡು ಹಾಳಾಗ್ತದೆ. ನೀನು ಮುಟ್ಟಿದ್ರೆ ನಾವು ಹಾಳಾಗ್ತೀವಿ.”

“ಸಾದಲಿಯೋರು ತಿಂಗಳು ಹಗಲು ರಾತ್ರಿ ಸೊಪ್ಪು ಹಾಕಿ ಬೆಳೆಸಿದ್ದು ಕಣೇ ಅದು. ಆ ಹೆಂಗಸರಿಗೆ ಅದರಿಂದಲೇ ಹಿಟ್ಟು.”

“ಅದನ್ನ ಅವರಿಬ್ರು ಯೋಚ್ನೆ ಮಾಡ್ಬೇಕು. ನೀನಲ್ಲ.”

ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಅವನು ಬಾಗಿಲಿಗೆ ಕಿವಿ ಇಟ್ಟ. ಒಣಗಿದ ಎಲೆಯ ಮೇಲೆ ಯಾರೋ ಮೆಲ್ಲಗೆ ಕೈಯಾಡಿಸಿದ ಹಾಗೆ ಸದ್ದು. ನಿಂತಿತು, ಮತ್ತೆ ಬಂತು. ಹಲಗೆಯ ಕೆಳಗಿನ ಸಂದಿಯಿಂದ ಒಂದು ಬಿಳಿ ಚಿಟ್ಟೆ ತೆವಳಿಕೊಂಡು ಹೊರಗೆ ಬಂತು. ರೆಕ್ಕೆ ಪಟಪಟ ಬಡಿಯಿತೇ ಹೊರತು ಹಾರಲಿಲ್ಲ. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ. ಅದು ಅವನ ಹೆಬ್ಬೆರಳಿನ ಪಕ್ಕ ಸುತ್ತುಹಾಕಿತು. ಕೂತಿದ್ದ ಹೆಂಗಸರಲ್ಲಿ ಒಬ್ಬಳು, “ಅಯ್ಯೋ, ಹೋಯ್ತು,” ಅಂದಳು. ಯಾರೂ ಮೇಲೇಳಲಿಲ್ಲ.

ಮರುದಿನ ಬೆಳಗ್ಗೆ ಅಶ್ವತ್ಥಮ್ಮ ಕುಲುಮೆಯ ಮುಂದೆ ಬಂದು ನಿಂತಳು. ಪೇಟೆ ಬೀದಿಗೆ ಅವಳು ಬರುವವಳಲ್ಲ. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಿದ್ದಳು. ಕೈಯಲ್ಲಿ ಒಂದು ಬೀಗದಕೈ ಇತ್ತು.

“ಕೋನಣ್ಣ, ಇದು ನಮ್ಮನೆಯವರ ಕೈ. ಅವರು ಬೆಳಿಗ್ಗೆ ಎದ್ದು ಚಿಕ್ಕಬಳ್ಳಾಪುರಕ್ಕೆ ಹೋದ್ರು. ಇದನ್ನ ಗೂಟಕ್ಕೆ ತಗುಲಿಹಾಕಿ, ನನ್ನ ಮುಖ ನೋಡಿ, ಏನೂ ಹೇಳ್ದೆ ಹೋದ್ರು. ಇನ್ನೊಂದನ್ನ ನೀವು ತೆಗೀರಿ.”

“ಅಮ್ಮಾ, ನಾನು ಅಡಿಗಲ್ಲು ಮುಟ್ಟಿ…”

“ಒಬ್ಬ ನನ್ನ ಗಂಡ. ಒಬ್ಬ ನನ್ನ ಜೊತೇಲಿ ಹುಟ್ಟಿದೋನು. ಇಬ್ಬರ ಕಡೆಯಿಂದಲೂ ನಾನು ಕೇಳ್ತಾ ಇದೀನಿ. ನನಗೆ ಆ ಹಕ್ಕಿಲ್ಲ ಅಂತೀರಾ?”

ಅವಳ ಕಣ್ಣಲ್ಲಿ ನೀರಿರಲಿಲ್ಲ. ನಿದ್ದೆಯಿಲ್ಲದೆ ಕಣ್ಣುಗಳು ಕೆಂಪಗಿದ್ದವು. ಕೋನಪ್ಪ ತಿರುಗಿ ಮನೆಯ ಬಾಗಿಲ ಕಡೆ ನೋಡಿದ. ಅಕ್ಕಯಮ್ಮ ಅಲ್ಲಿ ನಿಂತಿದ್ದಳು. ಅವಳು ತಲೆಯಾಡಿಸಲಿಲ್ಲ, ಬೇಡವೆನ್ನಲೂ ಇಲ್ಲ, ಒಳಗೆ ಹೋಗಿಬಿಟ್ಟಳು.

ಕದ್ದು ಮಾಡುವ ಕೆಲಸವಲ್ಲ ಎಂದು ಅವನು ಬೀದಿಯಲ್ಲಿದ್ದವರನ್ನೆಲ್ಲ ಕರೆದ. ಬೆಳ್ಳಂಬೆಳಗು, ಅಂಗಡಿಗಳು ತೆರೆಯುವ ಹೊತ್ತು, ಜನ ಸೇರಿತು. ಅಶ್ವತ್ಥಮ್ಮ ತಾನೇ ಎಡಗಡೆಯ ಬೀಗ ತೆಗೆದಳು. ಬಲಗಡೆಯದರ ಮುಂದೆ ಕೋನಪ್ಪ ಕುಕ್ಕರುಗಾಲಲ್ಲಿ ಕೂತ. ಯಾರೋ, “ಸುತ್ತಿಗೇಲಿ ಒಂದು ಹಾಕಪ್ಪ, ಎಷ್ಟು ಹೊತ್ತು?” ಅಂದರು. ಅವನಿಗೆ ಮನಸ್ಸು ಬರಲಿಲ್ಲ. ಇನ್ನೊಬ್ಬನ ಬೀಗ, ಒಡೆದರೆ ತಪ್ಪು ಎರಡಾಗುತ್ತದೆ ಅಂದುಕೊಂಡ. ಕಡ್ಡಿ ತೂರಿಸಿದ. ಅವನೇ ನಿಗಾ ಇಟ್ಟು ಮಾಡಿದ ಬೀಗ ಅವನನ್ನೇ ಸತಾಯಿಸಿತು. ಬೆವರು ಕಣ್ಣಿಗಿಳಿಯಿತು. ಕೊನೆಗೆ ಒಳಗೆ ಸಣ್ಣಗೆ ಟಕ್ ಎಂದಿತು.

ಬಾಗಿಲು ತೆಗೆದರೆ ಮುಖಕ್ಕೆ ಹಳಸು ವಾಸನೆ ಬಡಿಯಿತು. ಬುಟ್ಟಿಗಳ ಮೇಲೆ, ಗೋಡೆಯ ಮೇಲೆ, ತೊಲೆಗಳ ಮೇಲೆ ಬಿಳಿ ಚಿಟ್ಟೆಗಳು. ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲು ಒಳಗೆ ಹೋದಳು. ಹೆಂಗಸರು ಹಿಂದೆಯೇ ನುಗ್ಗಿ, ಹಂಡೆ ಏರಿಸಿ, ಬುಟ್ಟಿ ಸುರಿದು ತೂತಾದದ್ದು ಬೇರೆ, ಗಟ್ಟಿ ಇದ್ದದ್ದು ಬೇರೆ ಮಾಡತೊಡಗಿದರು. ಸಂಜೆಯವರೆಗೂ ಅದೇ ಕೆಲಸ. ಅರ್ಧದಷ್ಟು ಉಳಿಯಿತು. ಕೋನಪ್ಪ ಸಂಜೆ ಎರಡೂ ಬೀಗಗಳನ್ನು ಮೊದಲಿದ್ದ ಹಾಗೆಯೇ ಹಾಕಿ, ಕೈ ತೊಳೆದುಕೊಂಡು ಮನೆಗೆ ಹೋದ. ಆ ರಾತ್ರಿ ಅವನಿಗೆ ಬಹಳ ದಿನಗಳ ಮೇಲೆ ನಿದ್ದೆ ಬಂತು.

ಸುದ್ದಿ ನಗರಗೆರೆಗೆ ಮುಟ್ಟಿ ರಾಮಾಂಜಿನಪ್ಪ ಓಡಿಬಂದ. ಅವನು ಗೂಡು ನೋಡಲಿಲ್ಲ, ಹೆಂಗಸರನ್ನು ಕೇಳಲಿಲ್ಲ. ಬಾಗಿಲ ಮುಂದೆ ಬಗ್ಗಿ ತನ್ನ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದ. ಉಡಿದಾರದಿಂದ ಬೀಗದಕೈ ಬಿಚ್ಚಿ ಹಾಕಿದ. ಬೀಗ ಎಂದಿನಂತೆ ತೆರೆಯಿತು. ಅದರ ಮೇಲೆ ಒಂದು ಗೀರೂ ಇರಲಿಲ್ಲ.

ಆ ಸಂಜೆ ಮುನಿವೆಂಕಟಪ್ಪನವರ ಜಗಲಿಯಲ್ಲಿ ಎಲ್ಲರೂ ಸೇರಿದರು. ರಾಮಾಂಜಿನಪ್ಪ ಬೀಗವನ್ನು ಅವರ ಮುಂದೆ ಇಟ್ಟ.

“ಒಡೆದಿದ್ರೆ ನಾನು ಸುಮ್ನಿರ್ತಿದ್ದೆ ಸ್ವಾಮಿ. ಕಷ್ಟಕ್ಕೆ ಒಡೆದ್ರು ಅಂತ ಅಂದ್ಕೊಳ್ತಿದ್ದೆ. ಒಡೀದೆ ತೆಗೆದಿದಾನೆ, ತೆಗೆದು ಮೊದಲಿನ ಹಾಗೇ ಹಾಕಿದಾನೆ. ನೋಡಿದ್ರೆ ಗೊತ್ತಾಗ್ತದಾ? ಹಂಗಾದ್ರೆ ಇದಕ್ಕೆ ಮುಂಚೆ ಎಷ್ಟು ಸಲ ತೆಗೆದಿದ್ನೋ ಯಾರಿಗೆ ಗೊತ್ತು?”

ಕೋನಪ್ಪನಿಗೆ ಮೊದಲು ಆ ಮಾತು ಅರ್ಥವೇ ಆಗಲಿಲ್ಲ. ಆದಾಗ ಅವನು ವೆಂಕಟರಾಯಪ್ಪನ ಕಡೆ ನೋಡಿದ. ವೆಂಕಟರಾಯಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತಿದ್ದ.

“ಹಳೇ ಬೀಗಾನೂ ಇವನದೇ ತಾನೇ,” ಅಂದ ವೆಂಕಟರಾಯಪ್ಪ ನಿಧಾನವಾಗಿ. “ಗೂಡು ಕಮ್ಮಿ ಆಗ್ತಿದ್ದಾಗ್ಲೂ ಇವನ ಬೀಗಾನೇ ಇತ್ತು.”

ಭಾವ ಭಾಮೈದ ಒಬ್ಬರ ಮುಖವನ್ನೊಬ್ಬರು ನೋಡಿದರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ನೋಡಿದ್ದು.

“ರಾಯಪ್ಪನೋರೇ,” ಅಂದ ಕೋನಪ್ಪ, “ನೀವೇ ನನ್ನ ಕುಲುಮೆಗೆ ಬಂದು ತೆಗಿ ಅಂತ…”

“ಸಿಟ್ಟಲ್ಲಿ ಅಂದಿರ್ಬೋದು. ನೀನು ಆವತ್ತು ತೆಗೀಲಿಲ್ವಲ್ಲ. ತೆಗೆದ ದಿನ ನಾನು ಊರಲ್ಲೇ ಇರ್ಲಿಲ್ಲ.”

“ತೆಗೀರಿ ಅಂತ ಕೇಳಿದ್ದು ನಾನು,” ಎಂದು ಬಾಗಿಲ ಹಿಂದಿನಿಂದ ಅಶ್ವತ್ಥಮ್ಮನ ದನಿ ಬಂತು. “ಬೀದಿ ಜನ ಎಲ್ಲಾ ನೋಡಿದಾರೆ. ಕೋನಣ್ಣ ಬೇಡ ಬೇಡ ಅಂದ್ರು.”

“ನೀನು ಒಳಗೆ ಹೋಗು,” ಅಂದ ಗಂಡ. “ಅಕ್ಕಾ, ನಿಂಗಿದು ಗೊತ್ತಾಗಲ್ಲ,” ಅಂದ ತಮ್ಮ. ಇಬ್ಬರೂ ಒಟ್ಟಿಗೇ ಅಂದರು.

ಮುನಿವೆಂಕಟಪ್ಪನವರು ಬೀಗವನ್ನು ಕೈಯಲ್ಲಿ ತೂಗಿದರು. “ಮಾತು ಕೊಟ್ಟಿದ್ದೆಯಲ್ಲಪ್ಪ ಕೋನಪ್ಪ,” ಅಂದರು. ಅವರ ದನಿಯಲ್ಲಿ ನಿಜವಾದ ದುಃಖವಿತ್ತು.

“ಕೊಟ್ಟಿದ್ದೆ ಸ್ವಾಮಿ.”

“ಹೋಗ್ಲಿ, ಆಗಿದ್ದಾಯ್ತು. ದಂಡ ಗಿಂಡ ಏನೂ ಬೇಡ. ಬಡವ. ಎಲ್ರೂ ಎದ್ದೇಳಿ.”

ದಂಡ ಹಾಕಿದ್ದರೆ ಕೋನಪ್ಪ ಕಟ್ಟಿ, ಮುಗಿಯಿತು ಅಂದುಕೊಳ್ಳುತ್ತಿದ್ದನೇನೋ. ಕಳ್ಳ ಎಂದು ಯಾರಾದರೂ ಕೂಗಿದ್ದರೆ ಎದುರು ನಿಂತು ಕೂಗಬಹುದಿತ್ತು. ಯಾರೂ ಕೂಗಲಿಲ್ಲ. ಎಲ್ಲರೂ ಎದ್ದು ಚಪ್ಪಲಿ ಹುಡುಕಿಕೊಂಡು ಹೋದರು. ಭಾವ ಭಾಮೈದ ಒಂದೇ ದಾರಿಯಲ್ಲಿ ಹೋದರು.

ಅಲ್ಲಿಂದ ಮುಂದೆ ಕುಲುಮೆಗೆ ಬರುವವರು ಕಡಿಮೆಯಾದರು. ಪೇಟೆಯವರು ಎದುರಿಗೆ ಸಿಕ್ಕರೆ ನಿಂತು ಮಾತಾಡಿಸುವರು, ಊಟ ಆಯ್ತಾ ಅನ್ನುವರು. ಆದರೆ ಬೀಗದ ಮಾತೆತ್ತುತ್ತಿರಲಿಲ್ಲ. ಬೆಂಗಳೂರಿಗೆ ಹೋಗಿಬಂದವರು ಹಿತ್ತಾಳೆ ಬೀಗ ತರುತ್ತಿದ್ದರು. ಒಂದೊಂದೇ ಅಂಗಡಿಯ ಪಟ್ಟಿಯ ಮೇಲಿಂದ ಅವನ ಕಪ್ಪು ಬೀಗ ಇಳಿದು, ಹೊಳೆಯುವ ಹೊಸ ಬೀಗ ಏರಿತು. ಕೋನಪ್ಪ ಚಿಂತಾಮಣಿಗೆ ಹೋಗಿ ಸಂತೆಬೀದಿಯಲ್ಲಿ ಕೆಲಸ ಕೇಳಿದ. ಮಂಡಿಯವನೊಬ್ಬ ತೆಲುಗಿನಲ್ಲಿ, “ಶಿಡ್ಲಘಟ್ಟಂ ಕೋನಪ್ಪ ನುವ್ವೇನಾ?”, ಆ ಕೋನಪ್ಪ ನೀನೇನಾ, ಎಂದು ಕೇಳಿ, ಹೌದೆಂದಾಗ ಮುಗುಳ್ನಕ್ಕು, ಕಾಫಿ ತರಿಸಿಕೊಟ್ಟು ಕಳಿಸಿದ. ಸುದ್ದಿ ಅವನಿಗಿಂತ ಮೊದಲೇ ಬಸ್ಸಿನಲ್ಲಿ ಬಂದು ಕೂತಿತ್ತು.

ಅಕ್ಕಯಮ್ಮ ಬಯ್ಯಲಿಲ್ಲ. ಅವಳು ಅದೇ ಗೋದಾಮಿಗೆ ಚರಕದ ಕೆಲಸಕ್ಕೆ ಹೋಗಲು ಶುರುಮಾಡಿದಳು. ಬಿಸಿನೀರಿನಲ್ಲಿ ಬೆರಳು ಬೆಂದು ಬಿಳಿಚಿಕೊಂಡು ಬರುವಳು. ಈಗ ತಾನೂ ಚರಕಕ್ಕೆ ಕೂರುತ್ತಿದ್ದ ಅಶ್ವತ್ಥಮ್ಮ ಅವಳನ್ನು ತನ್ನ ಪಕ್ಕದ ಚರಕಕ್ಕೆ ಕೂರಿಸಿಕೊಂಡಿದ್ದಳಂತೆ. ಆ ಗೋದಾಮಿಗೆ ಈಗ ಒಂದೇ ಬೀಗ, ಬೆಂಗಳೂರಿನದು. ಅದರ ಕೈ ಭಾವನ ಬಳಿ ಒಂದು, ಭಾಮೈದನ ಬಳಿ ಒಂದು. ಯಾರು ಮೊದಲು ಬಂದರೆ ಅವರು ತೆಗೆಯುವರು.

ಶ್ರಾವಣದಲ್ಲಿ ಜವಳಿ ಅಂಗಡಿ ಬಯ್ಯಪ್ಪ ಕರೆಸಿದ. ಹೊಸ ಬೀಗದ ಕೊಂಡಿ ಹಳೇ ಪಟ್ಟಿಗೆ ಕೂರುತ್ತಿಲ್ಲ, ತೂತು ದೊಡ್ಡದು ಮಾಡಿಕೊಡಬೇಕು. ಕೋನಪ್ಪ ಅರ ಹಿಡಿದುಕೊಂಡು ಹೋದ. ತನ್ನ ಬೀಗವನ್ನು ತಾನೇ ಇಳಿಸಿ ಪಕ್ಕಕ್ಕಿಟ್ಟ. ತೂತನ್ನು ಅರದಿಂದ ಉಜ್ಜಿ ಹಿಗ್ಗಿಸಿದ. ಹೊಸ ಬೀಗ ಸಲೀಸಾಗಿ ಕೂತಿತು.

“ಬೀಗದಕೈ ಕೊಡಿ, ಒಂದ್ಸಲ ಹಾಕಿ ತೆಗೆದು ನೋಡ್ತೀನಿ,” ಎಂದು ಕೈ ಚಾಚಿದ.

ಬಯ್ಯಪ್ಪನಿಗೆ ಸಂಕಟವಾಯಿತು. ಕೆಟ್ಟ ಮನುಷ್ಯನಲ್ಲ ಅವನು. “ಇರ್ಲಿ ಬಿಡು ಕೋನಪ್ಪ. ನಾನೇ ನೋಡ್ಕೋತೀನಿ,” ಎಂದು, ಬೀಗದಕೈ ಹಿಡಿದಿದ್ದ ಮುಷ್ಟಿಯನ್ನು ಜುಬ್ಬಾದ ಜೇಬಿಗೆ ಇಳಿಸಿದ.

ಕೋನಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಒಳಗೆ ಗಿರಾಕಿಗಳು ಸೀರೆ ಬಿಡಿಸಿ ನೋಡುತ್ತಿದ್ದರು. ಅವನು ಬಗ್ಗಿ, ಹೊಸ್ತಿಲ ಮೇಲೆ ಬಿದ್ದಿದ್ದ ಕಬ್ಬಿಣದ ಪುಡಿಯನ್ನು ಗಿರಾಕಿಗಳ ಕಾಲಿಗೆ ಚುಚ್ಚದಂತೆ ಅಂಗೈಯಿಂದ ಒಂದು ಕಡೆಗೆ ಗುಡ್ಡೆ ಮಾಡತೊಡಗಿದ.